ವಯಸ್ಸು ಬೇರೆ, ಮೇಜು ಒಂದೇ: ಮನೆಶಿಕ್ಷಣದಲ್ಲಿ ಪಠ್ಯಕ್ರಮದ ಆಯ್ಕೆ ಮತ್ತು ಹೊಂದಾಣಿಕೆ

(ಮನೆಶಿಕ್ಷಣದಲ್ಲಿ ತೊಡಗಿರುವ ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿಕೊಡಬೇಕೆಂದು ನಿರ್ಧರಿಸಿದ ತಂದೆತಾಯಂದಿರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಯಾವ ಪಠ್ಯಕ್ರಮ ಒಳ್ಳೆಯದು? ಈ ಪ್ರಶ್ನೆಗೆ ನಾನು ನೇರವಾಗಿ ಉತ್ತರ ಹೇಳುವುದಿಲ್ಲ. ನಿಮಗೆ ಎಷ್ಟು ಮಕ್ಕಳು, ಅವರಲ್ಲಿ ಪ್ರತಿಯೊಬ್ಬರಿಗೂ ಇವತ್ತು ಯಾರ ನೆರವೂ ಇಲ್ಲದೆ ಏನೇನು ಮಾಡಲು ಬರುತ್ತದೆ ಎಂದು ನಾನೇ ತಿರುಗಿ ಕೇಳುತ್ತೇನೆ. ಮೊದಲನೆಯದಕ್ಕೆ ಉತ್ತರ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಬರುವ ಉತ್ತರ ಮಾತ್ರ ಹೆಚ್ಚಾಗಿ ವಯಸ್ಸಿನದ್ದು ಅಥವಾ ತರಗತಿಯದ್ದು: ‘ಅವನಿಗೆ ಎಂಟು ವರ್ಷ’, ‘ಅವಳು ಆರನೆಯ ತರಗತಿ’. ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲ. ಈ ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ, ಪುಸ್ತಕ ಆರಿಸುವಾಗಲೂ ದಿನದ ಪಾಠ ಹೊಂದಿಸುವಾಗಲೂ ಅದರಿಂದ ಏನೇನು ಬದಲಾಗುತ್ತದೆ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ಮನೆಶಿಕ್ಷಣದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆ ಮಗುವಿಗೆ ಶಾಲೆಯಲ್ಲಿಯಾಗಲಿ ಬೇರೆ ರೀತಿಯಲ್ಲಿಯಾಗಲಿ ಶಿಕ್ಷಣ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಪೋಷಕರ ಮೇಲೆ ಹೊರಿಸಿದೆ. ನೀವಿರುವಲ್ಲಿ ಏನಿದೆ, ಮಗು ಮುಂದೆ ಬರೆಯಬೇಕಾದ ಪರೀಕ್ಷೆ ಯಾವುದು ಎಂಬುದನ್ನು ಪುಸ್ತಕ ಕೊಳ್ಳುವುದಕ್ಕಿಂತ ಮೊದಲೇ ತಿಳಿದುಕೊಳ್ಳಿ. ಆದರೆ ಆ ಇಂಗ್ಲಿಷ್ ಕಾಯ್ದೆಯ ಒಂದು ಮಾತು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಶಿಕ್ಷಣವು ಮಗುವಿನ ವಯಸ್ಸಿಗೆ, ಸಾಮರ್ಥ್ಯಕ್ಕೆ ಮತ್ತು ಒಲವಿಗೆ ತಕ್ಕುದಾಗಿರಬೇಕು ಎಂದು ಅದು ಹೇಳುತ್ತದೆ. ವಯಸ್ಸು ಅಲ್ಲಿ ಮೂರರಲ್ಲಿ ಒಂದು ಮಾತ್ರ. ಹುಟ್ಟಿದ ವರ್ಷ ನೋಡಿ ಮಕ್ಕಳನ್ನು ಒಂದೊಂದು ಕೊಠಡಿಗೆ ಹಂಚುವ ಪದ್ಧತಿ ಎಲ್ಲೆಡೆ ಹರಡಿದ್ದು 19ನೇ ಶತಮಾನದಲ್ಲಿ. ಮೂವತ್ತು ನಲವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರು ಇರುವಲ್ಲಿ ಅದು ಅನುಕೂಲದ ಏರ್ಪಾಡು. ಮೂವರು ಮಕ್ಕಳಿರುವ ಮನೆಗೆ ಅದೇ ಏರ್ಪಾಡನ್ನು ತಂದುಕೊಂಡರೆ ಅನುಕೂಲ ಉಳಿಯುವುದಿಲ್ಲ, ಕಟ್ಟುಪಾಡು ಮಾತ್ರ ಉಳಿಯುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾವು ಮನೆಯಲ್ಲಿ ಕಲಿಸಲು ಆರಂಭಿಸಿದ ವರ್ಷ ನನ್ನ ಮಕ್ಕಳಿಗೆ ಹನ್ನೊಂದು, ಏಳು ಮತ್ತು ನಾಲ್ಕು ವರ್ಷ. ಒಂದು ಪ್ರಕಾಶನ ಸಂಸ್ಥೆಯಿಂದ ಮೂವರಿಗೂ ಮೂರು ಪೂರ್ಣ ಪೆಟ್ಟಿಗೆಗಳನ್ನು ತರಿಸಿದೆ. ಪ್ರತಿ ಪೆಟ್ಟಿಗೆಯಲ್ಲಿಯೂ ಎಲ್ಲ ವಿಷಯಗಳ ಪುಸ್ತಕ, ಅಭ್ಯಾಸದ ಹಾಳೆಗಳು, ದಿನದಿನದ ಪಾಠಯೋಜನೆ ಎಲ್ಲವೂ ಇದ್ದವು. ಇಂಥ ಸಿದ್ಧ ಪಠ್ಯಕ್ರಮಗಳಲ್ಲಿ ಅನೇಕವು ವರ್ಷದ ಪಾಠವನ್ನು 36 ವಾರಗಳಿಗೆ ಹಂಚಿರುತ್ತವೆ, ನಮ್ಮದೂ ಹಾಗೆಯೇ ಇತ್ತು. ಏಳನೆಯ ವಾರ ಮುಗಿಯುವ ಹೊತ್ತಿಗೆ ನಾವು ನಾಲ್ಕನೆಯ ವಾರದ ಪಾಠದಲ್ಲಿದ್ದೆವು. ದೊಡ್ಡವಳಿಗೆ ಒಂದು ಕಾಲದ ಚರಿತ್ರೆ, ಎರಡನೆಯವನಿಗೆ ಇನ್ನೊಂದು ಕಾಲದ್ದು, ಚಿಕ್ಕವಳಿಗೆ ಬಣ್ಣ ತುಂಬುವ ಹಾಳೆಗಳು. ಒಬ್ಬರಿಗೆ ಹೇಳಿಕೊಡುವಾಗ ಉಳಿದಿಬ್ಬರು ಕಾಯುತ್ತಿದ್ದರು. ಆ ಪುಸ್ತಕಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಅವುಗಳಲ್ಲಿ ಕೆಲವನ್ನು ಮುಂದೆ ಬಹಳ ವರ್ಷ ಬಳಸಿದೆವು. ಒಂದೇ ಮಗುವಿಗೆ ಒಬ್ಬ ಶಿಕ್ಷಕರು ಇರುತ್ತಾರೆಂದು ನಂಬಿ ಬರೆದ ಯೋಜನೆಯನ್ನು ಮೂರು ಪಟ್ಟು ಮಾಡಿ ಒಬ್ಬಳೇ ನಡೆಸಲು ಹೊರಟಿದ್ದು ತಪ್ಪಾಗಿತ್ತು.

ಅದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಮೂವರು ಮಕ್ಕಳು, ಪ್ರತಿಯೊಬ್ಬರಿಗೂ ದಿನಕ್ಕೆ ಆರು ವಿಷಯ, ಒಟ್ಟು 18 ಪಾಠ. ಪಾಠವೊಂದಕ್ಕೆ ಅರ್ಧ ಗಂಟೆಯಾದರೂ ಒಂಬತ್ತು ಗಂಟೆ. ಅಡುಗೆ, ಮನೆಗೆಲಸ, ಮಕ್ಕಳ ಜಗಳ, ಆಟ ಯಾವುದೂ ಈ ಒಂಬತ್ತರಲ್ಲಿ ಸೇರಿಲ್ಲ. ಭಾಷೆ ಮತ್ತು ಗಣಿತವನ್ನು ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ, ಪ್ರತಿ ಪಾಠಕ್ಕೆ 25 ನಿಮಿಷದಂತೆ ಕಲಿಸಿದರೆ ಆರು ಪಾಠಕ್ಕೆ ಎರಡೂವರೆ ಗಂಟೆ. ಉಳಿದ ವಿಷಯಗಳನ್ನು ಎಲ್ಲರಿಗೂ ಒಟ್ಟಿಗೆ ಒಂದೂವರೆ ಗಂಟೆ ಕಲಿಸಿದರೆ ಮೊತ್ತ ನಾಲ್ಕು ಗಂಟೆ. ನಾಲ್ಕು ಗಂಟೆಯ ಪಾಠವನ್ನು ವರ್ಷಗಟ್ಟಲೆ ನಡೆಸಬಹುದು. ಒಂಬತ್ತು ಗಂಟೆಯದು ಒಂದು ತಿಂಗಳೂ ನಡೆಯುವುದಿಲ್ಲ.

ಹೀಗೆ ಬೇರ್ಪಡಿಸುವುದಕ್ಕೆ ಸಮಯದ ಉಳಿತಾಯ ಒಂದೇ ಕಾರಣವಲ್ಲ, ವಿಷಯಗಳ ಸ್ವಭಾವವೇ ಹಾಗಿದೆ. ಕೆಲವು ವಿಷಯಗಳು ಏಣಿಯಂತೆ. ಕೆಳಗಿನ ಮೆಟ್ಟಿಲು ಹತ್ತದೆ ಮೇಲಿನದಕ್ಕೆ ಕಾಲಿಡಲಾಗದು. ಸ್ಥಾನಬೆಲೆ ತಿಳಿಯದ ಮಗುವಿಗೆ ದಶಕ ತೆಗೆದುಕೊಂಡು ಕಳೆಯುವುದು ತಿಳಿಯದು, ಗುಣಾಕಾರ ಗೊತ್ತಿಲ್ಲದೆ ಭಾಗಾಕಾರ ಬಾರದು. ಅಕ್ಷರ ಕೂಡಿಸಿ ಓದುವುದು, ವಾಕ್ಯ ಬರೆಯುವುದು ಕೂಡ ಇದೇ ಜಾತಿಗೆ ಸೇರುತ್ತವೆ. ಇನ್ನು ಕೆಲವು ವಿಷಯಗಳು ಬಯಲಿನಂತೆ. ಚರಿತ್ರೆ, ಭೂಗೋಳ, ಪ್ರಕೃತಿ ವಿಜ್ಞಾನ, ಕತೆ ಕಾವ್ಯ, ಚಿತ್ರಕಲೆ, ಸಂಗೀತ ಇವಕ್ಕೆಲ್ಲ ಯಾವ ಕಡೆಯಿಂದ ಬೇಕಾದರೂ ಪ್ರವೇಶವಿದೆ. ಜ್ವಾಲಾಮುಖಿಯ ಬಗ್ಗೆ ತಿಳಿಯಲು ನದಿಗಳ ಪಾಠ ಮೊದಲೇ ಮುಗಿದಿರಬೇಕೆಂದೇನೂ ಇಲ್ಲ. ಏಣಿಯ ವಿಷಯಗಳಲ್ಲಿ ಪ್ರತಿ ಮಗುವನ್ನೂ ಅದು ನಿಂತಿರುವ ಮೆಟ್ಟಿಲಿನಲ್ಲಿಯೇ ಕಲಿಸಬೇಕು. ಬಯಲಿನ ವಿಷಯಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ, ಮರಳಿ ತರಬೇಕಾದುದನ್ನು ಮಾತ್ರ ಒಬ್ಬೊಬ್ಬರಿಂದ ಬೇರೆಯಾಗಿ ನಿರೀಕ್ಷಿಸಬೇಕು. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಏಣಿಯ ವಿಷಯಗಳಲ್ಲಿ ಮಗು ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದು ಮೇಲ್ನೋಟಕ್ಕೆ ತೋರುವಷ್ಟು ಸುಲಭವಲ್ಲ. ನನ್ನ ದೊಡ್ಡ ಮಗಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಭಿನ್ನರಾಶಿಗಳನ್ನು ಕೂಡಲು ಚೆನ್ನಾಗಿ ಬರುತ್ತಿತ್ತು. ಮೂರನೇ ಒಂದಕ್ಕೆ ನಾಲ್ಕನೇ ಒಂದನ್ನು ಕೂಡಿಸು ಎಂದರೆ ಛೇದಗಳನ್ನು ಸಮ ಮಾಡಿ ಹನ್ನೆರಡನೇ ಏಳು ಎಂದು ತಪ್ಪಿಲ್ಲದೆ ಬರೆಯುತ್ತಿದ್ದಳು. ಒಂದು ದಿನ ಸುಮ್ಮನೆ, ‘ಇವೆರಡರಲ್ಲಿ ಯಾವುದು ದೊಡ್ಡದು?’ ಎಂದು ಕೇಳಿದೆ. ‘ನಾಲ್ಕನೇ ಒಂದು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವಾ ಅಮ್ಮಾ?’ ಎಂದಳು. ಲೆಕ್ಕ ಮಾಡುವ ವಿಧಾನ ಅವಳ ಕೈಗೆ ಬಂದಿತ್ತು, ಆ ಅಂಕಿಗಳು ಏನನ್ನು ಸೂಚಿಸುತ್ತವೆ ಎಂಬುದು ಮನಸ್ಸಿಗೆ ಬಂದಿರಲಿಲ್ಲ. ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊಟ್ಟು, ಒಂದನ್ನು ಮೂರು ಸಮಭಾಗವಾಗಿ, ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಿಸಲು ಹೇಳಿದೆ. ನಾಲ್ಕು ಮಡಿಕೆ ಸುಲಭವಾಗಿ ಬಂತು. ಮೂರು ಮಡಿಕೆ ಸಮನಾಗಿ ಬರಲು ಅವಳು ಪಟ್ಟಿಯನ್ನು ಹಲವು ಸಲ ಬಿಚ್ಚಿ ಮಡಿಸಬೇಕಾಯಿತು. ಕೊನೆಗೆ ಒಂದು ತುಂಡನ್ನು ಇನ್ನೊಂದರ ಮೇಲೆ ಇಟ್ಟು, ಸ್ವಲ್ಪ ಹೊತ್ತು ನೋಡುತ್ತ ಕುಳಿತು, ‘ಜಾಸ್ತಿ ಭಾಗ ಮಾಡಿದಷ್ಟೂ ಚೂರು ಚಿಕ್ಕದಾಗುತ್ತೆ’ ಎಂದು ತಾನಾಗಿಯೇ ಹೇಳಿದಳು. ಅಂದಿನಿಂದ ನಾವು ಗಣಿತದಲ್ಲಿ ಎರಡು ಪುಸ್ತಕ ಹಿಂದಕ್ಕೆ ಹೋದೆವು. ಹೊದಿಕೆಯ ಮೇಲಿದ್ದ ತರಗತಿಯ ಅಂಕಿ ಅವಳಿಗೆ ಮುಜುಗರ ತರುತ್ತಿದ್ದುದರಿಂದ ಆ ಪುಸ್ತಕಗಳಿಗೆ ಕಂದು ಕಾಗದದ ಬೈಂಡು ಹಾಕಿದೆ. ಹತ್ತು ತಿಂಗಳಲ್ಲಿ ಅವೆರಡನ್ನೂ ಮುಗಿಸಿ ತನ್ನ ಮೊದಲಿನ ಪುಸ್ತಕಕ್ಕೆ ಮರಳಿದಳು.

ಆದ್ದರಿಂದ ಗಣಿತದ ಪುಸ್ತಕ ಆರಿಸುವಾಗ ಪ್ರಕಾಶಕರು ಒದಗಿಸುವ ಮಟ್ಟ ಪರೀಕ್ಷೆಯನ್ನು ಮಗುವಿನಿಂದ ಮಾಡಿಸಿ, ಆದರೆ ಸಿಕ್ಕ ಅಂಕಗಳನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ನಾಲ್ಕಾರು ಲೆಕ್ಕಗಳನ್ನು ಮಗು ಬಾಯಿಬಿಟ್ಟು ವಿವರಿಸುತ್ತ ಮಾಡುವಂತೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ವಸ್ತುಗಳಿಂದ ತೋರಿಸಲು, ಚಿತ್ರ ಬಿಡಿಸಲು, ಕೊನೆಗೆ ಅಂಕಿಗಳಲ್ಲಿ ಬರೆಯಲು ಈ ಮೂರೂ ಹಂತಗಳಲ್ಲಿ ಬರುತ್ತದೆಯೇ ಎಂದು ಪರೀಕ್ಷಿಸಿ. ಈ ಮೂರು ಹಂತದ ಕ್ರಮ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರ ಚಿಂತನೆಯಿಂದ ಬಂದದ್ದು. 1980ರ ದಶಕದಲ್ಲಿ ಸಿಂಗಪುರ ತನ್ನ ಗಣಿತದ ಪಠ್ಯಪುಸ್ತಕಗಳನ್ನು ಇದರ ಆಧಾರದ ಮೇಲೆ ಕಟ್ಟಿತು. ಲೆಕ್ಕದ ಮಾತುಗಳನ್ನು ಉದ್ದನೆಯ ಪಟ್ಟಿಗಳ ಚಿತ್ರವಾಗಿ ಬರೆದುಕೊಳ್ಳುವ ಅಲ್ಲಿನ ವಿಧಾನ ಇಂದು ಬೇರೆ ದೇಶಗಳ ಮನೆಶಿಕ್ಷಣದ ಪುಸ್ತಕಗಳಲ್ಲಿಯೂ ಕಾಣುತ್ತದೆ. ನನ್ನ ಮಗಳು ವಸ್ತು ಮತ್ತು ಚಿತ್ರಗಳ ಹಂತಗಳನ್ನು ದಾಟದೆ ನೇರವಾಗಿ ಅಂಕಿಗಳಿಗೆ ಬಂದಿದ್ದಳು. ಆದ್ದರಿಂದ ಕಾಗದದ ಪಟ್ಟಿಯಿಂದಲೇ ಆರಂಭಿಸಬೇಕಾಯಿತು.

ಗಣಿತದ ಪುಸ್ತಕಗಳಲ್ಲಿ ಎರಡು ಬಗೆಯಿವೆ. ಒಂದು ಬಗೆಯವು ಒಂದೇ ಪರಿಕಲ್ಪನೆಯನ್ನು ಹಿಡಿದು ವಾರಗಟ್ಟಲೆ ಅದನ್ನೇ ಆಳವಾಗಿ ಕಲಿಸಿ ಮುಂದಕ್ಕೆ ಹೋಗುತ್ತವೆ. ಇನ್ನೊಂದು ಬಗೆಯವು ಪ್ರತಿದಿನ ಹೊಸದನ್ನು ಸ್ವಲ್ಪವೇ ಹೇಳಿ, ಹಳೆಯದಕ್ಕೆ ಮತ್ತೆ ಮತ್ತೆ ಸುರುಳಿಯಂತೆ ಹಿಂದಿರುಗುತ್ತವೆ. ಯಾವುದು ಮೇಲು ಎಂಬ ವಾದ ಮುಗಿಯುವಂಥದ್ದಲ್ಲ. ಕಲಿತದ್ದನ್ನು ಒಂದೇ ಸಲ ಕಂಠಪಾಠ ಮಾಡುವುದಕ್ಕಿಂತ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಬೇಗ ಮರೆಯುವ ಮಗುವಿಗೆ ಸುರುಳಿಯ ಪುಸ್ತಕ ಒಗ್ಗುತ್ತದೆ. ದಿನವೂ ವಿಷಯ ಬದಲಾದರೆ ಗಲಿಬಿಲಿಗೊಳ್ಳುವ ಮಗುವಿಗೆ ಮೊದಲ ಬಗೆಯದು ಒಗ್ಗುತ್ತದೆ, ಆದರೆ ಆಗ ಹಳೆಯ ಅಧ್ಯಾಯಗಳಿಂದ ನಾಲ್ಕು ಲೆಕ್ಕವನ್ನು ದಿನವೂ ನೀವೇ ಆರಿಸಿ ಕೊಡಬೇಕು. ಪುಸ್ತಕ ಬದಲಾಯಿಸುವುದಕ್ಕಿಂತ ಈ ನಾಲ್ಕು ಲೆಕ್ಕ ಸುಲಭ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಬೇರೆ ಬಗೆಯ ಪುಸ್ತಕ ಬೇಕಾದರೆ ಬೇಕೇ ಸರಿ, ಅಣ್ಣನ ಪುಸ್ತಕ ತಮ್ಮನಿಗೂ ಬರಬೇಕೆಂಬ ಉಳಿತಾಯ ಇಲ್ಲಿ ನಷ್ಟಕ್ಕೆ ದಾರಿ.

ಓದಿನ ವಿಷಯದಲ್ಲಿ ನನಗೆ ಅತಿ ಹೆಚ್ಚು ನೆರವಾದ ವಿಚಾರ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮುಂದಿಟ್ಟದ್ದು. ಓದಿ ಅರ್ಥಮಾಡಿಕೊಳ್ಳುವುದು ಎರಡು ಶಕ್ತಿಗಳ ಗುಣಲಬ್ಧ ಎಂದು ಅವರು ಹೇಳಿದರು: ಬರಹವನ್ನು ಬಿಡಿಸಿ ಮಾತಾಗಿಸುವ ಶಕ್ತಿ ಒಂದು, ಆ ಮಾತನ್ನು ಕೇಳಿದರೆ ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ಕಾಗುಣಿತ, ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುತ್ತಿರುವ ಆರು ವರ್ಷದ ಮಗು ತಾನೇ ಓದಲಾಗದ ಎಷ್ಟೋ ದೊಡ್ಡ ಕತೆಗಳನ್ನು ಕೇಳಿ ಪೂರ್ತಿ ತಿಳಿದುಕೊಳ್ಳಬಲ್ಲದು. ಹಾಗಾಗಿ ಆ ಮಗುವಿನ ಓದಿನ ಪಾಠಕ್ಕೆ ಪುಸ್ತಕ ಆರಿಸುವಾಗ ಬಿಡಿಸಿ ಓದುವ ಮಟ್ಟವನ್ನು ನೋಡಬೇಕು, ಕೇಳಿಸುವ ಪುಸ್ತಕ ಆರಿಸುವಾಗ ಗ್ರಹಿಕೆಯ ಮಟ್ಟವನ್ನು ನೋಡಬೇಕು. ಒಬ್ಬ ಮಗುವಿಗೆ ಒಂದೇ ಕಾಲಕ್ಕೆ ಎರಡು ಮಟ್ಟದ ಪುಸ್ತಕಗಳು ಬೇಕು ಎಂಬುದನ್ನು ಅನೇಕ ಸಿದ್ಧ ಪಠ್ಯಕ್ರಮಗಳು ಗಮನಿಸುವುದಿಲ್ಲ. ಬಯಲಿನ ವಿಷಯಗಳನ್ನು ಬೇರೆ ಬೇರೆ ವಯಸ್ಸಿನವರಿಗೆ ಒಟ್ಟಿಗೆ ಕಲಿಸಲು ಸಾಧ್ಯವಾಗುವುದೂ ಇದರಿಂದಲೇ. ದೊಡ್ಡವರು ಗಟ್ಟಿಯಾಗಿ ಓದಿ ಹೇಳಿದರೆ ಓದಲು ಬಾರದ ಚಿಕ್ಕವರೂ ಪಾಠದ ಒಳಗೇ ಇರುತ್ತಾರೆ.

ಬರವಣಿಗೆಯಲ್ಲಿಯೂ ಇದೇ ಬಗೆಯ ಅಂತರವಿದೆ. ಮಗುವಿನ ಯೋಚನೆಯ ವೇಗಕ್ಕೂ ಪೆನ್ಸಿಲ್ ಹಿಡಿದ ಕೈಯ ವೇಗಕ್ಕೂ ಅಜಗಜಾಂತರ. ಎಂಟು ವರ್ಷದವನು ಡೈನೋಸಾರ್‌ಗಳ ಬಗ್ಗೆ ಹತ್ತು ನಿಮಿಷ ಎಡೆಬಿಡದೆ ಮಾತಾಡಿ, ಬರೆಯಲು ಹೇಳಿದಾಗ ಒಂದೂವರೆ ಸಾಲಿಗೆ ನಿಂತರೆ ಅವನಿಗೆ ವಿಷಯ ಗೊತ್ತಿಲ್ಲ ಎಂದು ಅರ್ಥವಲ್ಲ. ಅವನು ಹೇಳಲಿ, ನೀವು ಬರೆದುಕೊಳ್ಳಿ, ಅದರಲ್ಲಿ ಎರಡು ವಾಕ್ಯಗಳನ್ನು ಮರುದಿನ ಅವನು ನೋಡಿ ಬರೆಯಲಿ. ವಿಜ್ಞಾನದ ಪಾಠವೂ ಆಯಿತು, ಕೈಬರಹದ ಪಾಠವೂ ಆಯಿತು, ಒಂದರ ಕಷ್ಟ ಇನ್ನೊಂದಕ್ಕೆ ಅಂಟಲಿಲ್ಲ.

ಈಗ ಬಯಲಿನ ವಿಷಯಗಳಿಗೆ ಬರೋಣ. ಮನೆಶಿಕ್ಷಣ ನೀಡುವ ಅನೇಕ ಕುಟುಂಬಗಳು ಚರಿತ್ರೆಯನ್ನು ಪ್ರಾಚೀನ ಕಾಲ, ಮಧ್ಯಯುಗ, ಆಧುನಿಕ ಯುಗದ ಆರಂಭ, ಇತ್ತೀಚಿನ ಕಾಲ ಎಂದು ನಾಲ್ಕು ವರ್ಷಗಳಿಗೆ ಹಂಚಿಕೊಂಡು, ಹನ್ನೆರಡು ವರ್ಷಗಳಲ್ಲಿ ಈ ಸುತ್ತನ್ನು ಮೂರು ಬಾರಿ ತಿರುಗುತ್ತವೆ. ಇಡೀ ಮನೆ ಒಂದು ವರ್ಷ ಒಂದೇ ಕಾಲದಲ್ಲಿರುತ್ತದೆ. ಚಿಕ್ಕವರು ಕತೆ ಕೇಳುತ್ತಾರೆ, ನಡುವಿನವರು ಭೂಪಟದಲ್ಲಿ ಗುರುತಿಸಿ ಗೋಡೆಯ ಮೇಲಿನ ಕಾಲರೇಖೆಯಲ್ಲಿ ಇಸವಿ ತುಂಬುತ್ತಾರೆ, ದೊಡ್ಡವರು ಒಂದೇ ಘಟನೆಯ ಬಗ್ಗೆ ಇಬ್ಬರು ಬರೆದದ್ದನ್ನು ಓದಿ ಎಲ್ಲಿ ಒಪ್ಪುತ್ತಾರೆ, ಎಲ್ಲಿ ಒಪ್ಪುವುದಿಲ್ಲ ಎಂದು ಬರೆಯುತ್ತಾರೆ. ಚಿಕ್ಕ ಮಗು ಸುತ್ತಿನ ಮೂರನೆಯ ವರ್ಷದಲ್ಲಿ ಒಳಗೆ ಬಂದರೂ ತೊಂದರೆಯಿಲ್ಲ, ಮೊದಲಿನದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಯಾವ ವಿಷಯವನ್ನೇ ಆಗಲಿ ಅದರ ಸತ್ಯ ಕೆಡದಂತೆ ಯಾವ ವಯಸ್ಸಿನ ಮಗುವಿಗೂ ಒಂದು ರೂಪದಲ್ಲಿ ಕಲಿಸಬಹುದು, ಮುಂದೆ ಹೆಚ್ಚು ಆಳವಾಗಿ ಅದಕ್ಕೇ ಹಿಂದಿರುಗಬಹುದು ಎಂದು ಬ್ರೂನರ್ 1960ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಮನೆಮಟ್ಟದಲ್ಲಿ ಕೆಲಸ ಮಾಡುತ್ತದೆ.

ವಿಜ್ಞಾನದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ತಿಂಗಳು ಮಾಡಿದ ಚಂದ್ರನ ಪಾಠವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಗ ಮಕ್ಕಳಿಗೆ ಹದಿಮೂರು, ಒಂಬತ್ತು ಮತ್ತು ಆರು ವರ್ಷ. ಅಮಾವಾಸ್ಯೆ ಕಳೆದ ಮೂರನೆಯ ಸಂಜೆ ಆರಂಭಿಸಿದೆವು. ಚಿಕ್ಕವಳ ಕೆಲಸ, ಕಂಡ ಆಕಾರವನ್ನು ಒಂದು ವೃತ್ತದೊಳಗೆ ಬಿಡಿಸುವುದು. ಎರಡನೆಯವನ ಕೆಲಸ, ಪ್ರತಿದಿನ ಒಂದೇ ಹೊತ್ತಿಗೆ ಹೊರಗೆ ನಿಂತು ಚಂದ್ರ ಯಾವ ದಿಕ್ಕಿನಲ್ಲಿದ್ದಾನೆ, ದಿಗಂತದಿಂದ ಎಷ್ಟು ಗೇಣು ಮೇಲಿದ್ದಾನೆ ಎಂದು ಬರೆಯುವುದು. ದೊಡ್ಡವಳು ಇದು ಹೀಗೇಕೆ ಎಂದು ದೀಪ ಮತ್ತು ಚೆಂಡಿನಿಂದ ತಿಂಗಳ ಕೊನೆಗೆ ಉಳಿದವರಿಗೆ ತೋರಿಸಬೇಕಿತ್ತು. ಹುಣ್ಣಿಮೆಯ ತನಕ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ನಾಲ್ಕು ದಿನಕ್ಕೆ ಚಿಕ್ಕವಳು ಸಂಜೆ ಹೊರಗೆ ಹೋಗಿ ಬಂದು, ಪುಸ್ತಕ ಮುಚ್ಚಿಟ್ಟು, ಚಂದ್ರ ಇನ್ನು ಬರುವುದಿಲ್ಲ ಎಂದು ಅಳಲು ಕುಳಿತಳು. ಎರಡನೆಯವನು ತನ್ನ ಟಿಪ್ಪಣಿ ತೆರೆದು ನೋಡಿ, ಚಂದ್ರ ದಿನಾ ಸುಮಾರು ಮುಕ್ಕಾಲು ಗಂಟೆ, ಒಂದು ಗಂಟೆ ತಡವಾಗಿ ಹುಟ್ಟುತ್ತಿದ್ದಾನೆ, ಈಗ ನಾವು ಮಲಗಿದ ಮೇಲೆ ಬರುತ್ತಾನೆ ಎಂದು ಲೆಕ್ಕ ಹಾಕಿದ. ಸರಾಸರಿ ತಡ ಸುಮಾರು 50 ನಿಮಿಷ, ಅವನ ಅಂದಾಜು ಅದಕ್ಕೆ ಬಹಳ ಹತ್ತಿರವಿತ್ತು. ಹಾಗಾದರೆ ಮುಳುಗುವುದೂ ತಡವಾಗಬೇಕಲ್ಲ ಎಂದು ದೊಡ್ಡವಳು ಹೇಳಿದಳು. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೂವರೂ ಹೊರಗೆ ಓಡಿದರು. ಪಡುವಣ ಆಕಾಶದಲ್ಲಿ ಒಂದು ಬದಿ ಸವೆದ ಚಂದ್ರ ಬಿಳಿಯಾಗಿ ನಿಂತಿದ್ದ.

ಆ ತಿಂಗಳು ಚಿಕ್ಕವಳು ಚಂದ್ರ ಹಗಲಿನಲ್ಲಿಯೂ ಇರುತ್ತಾನೆ ಎಂದು ಕಲಿತಳು. ಎರಡನೆಯವನು ಅಳತೆಗಳನ್ನು ಬರೆದಿಟ್ಟರೆ ಅವುಗಳಿಂದ ಮುಂದಿನದನ್ನು ಹೇಳಬಹುದು ಎಂದು ಕಲಿತ. ದೊಡ್ಡವಳು ಚಂದ್ರ ಭೂಮಿಯನ್ನು ಒಂದು ಸುತ್ತು ಬರಲು ಸುಮಾರು 27.3 ದಿನ ಸಾಕಾದರೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ ಬೇಕಾಗುವುದೇಕೆ ಎಂಬ ಪ್ರಶ್ನೆಗೆ ಬಂದು ನಿಂತಳು. ಅಷ್ಟು ದಿನಗಳಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಸಾಗಿರುತ್ತದೆ, ಚಂದ್ರ ಅದನ್ನು ಸರಿಗಟ್ಟಲು ಎರಡು ದಿನ ಹೆಚ್ಚು ನಡೆಯಬೇಕಾಗುತ್ತದೆ ಎಂಬುದನ್ನು ಚೆಂಡು ಹಿಡಿದು ದೀಪದ ಸುತ್ತ ತಿರುಗಿ ಅವಳೇ ಕಂಡುಕೊಂಡಳು. ಪಾಠ ಒಂದೇ, ನನ್ನ ಸಿದ್ಧತೆ ಒಂದೇ. ಮೂವರಿಗೂ ಮೂರು ಬೇರೆ ಪುಸ್ತಕ ಇಟ್ಟಿದ್ದರೆ ಆ ಬೆಳಗಿನ ಮಾತುಕತೆ ನಡೆಯುತ್ತಿರಲಿಲ್ಲ.

ಕಲಿತದ್ದನ್ನು ಮಕ್ಕಳಿಂದ ಹೊರಗೆ ತರುವುದಕ್ಕೆ ಪ್ರಶ್ನೋತ್ತರದ ಹಾಳೆಗಿಂತ ಒಳ್ಳೆಯ ಸಾಧನ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಅವರ ಪದ್ಧತಿಯಲ್ಲಿದೆ. ಒಂದು ಭಾಗವನ್ನು ಒಮ್ಮೆ ಮಾತ್ರ ಓದಿ ಹೇಳಿ, ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವಂತೆ ಮಾಡುವುದು. ಒಟ್ಟಿಗೆ ಕಲಿಸುವಾಗ ಚಿಕ್ಕವರಿಂದ ಮೊದಲು ಹೇಳಿಸಬೇಕು. ದೊಡ್ಡವರು ಮೊದಲು ಹೇಳಿದರೆ ಚಿಕ್ಕವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಚಿಕ್ಕ ಮಕ್ಕಳ ಪಾಠ ಚಿಕ್ಕದಾಗಿರಬೇಕು, ಗಮನ ಸೋಲುವ ಮೊದಲೇ ನಿಲ್ಲಬೇಕು ಎಂಬುದೂ ಅವರದೇ ಒತ್ತಾಯವಾಗಿತ್ತು.

ಒಟ್ಟಿಗೆ ಕಲಿಸುವುದರಲ್ಲಿ ಅಪಾಯವಿಲ್ಲವೆಂದಲ್ಲ. ಪಾಠ ನಡುವಿನ ಮಗುವಿನ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತುಬಿಡುತ್ತದೆ. ಚಿಕ್ಕವರು ಹೇಗೋ ಕೇಳಿಕೊಂಡಿರುತ್ತಾರೆ, ದೊಡ್ಡ ಮಗು ಮಾತ್ರ ವರ್ಷಗಟ್ಟಲೆ ತನ್ನ ಶಕ್ತಿಗಿಂತ ಕಡಿಮೆ ಕೆಲಸ ಮಾಡುತ್ತ ಉಳಿಯುತ್ತದೆ. ಆದ್ದರಿಂದ ಸಾಮಾನ್ಯ ಪಾಠದ ಪುಸ್ತಕವನ್ನು ದೊಡ್ಡ ಮಗುವಿಗೆ ತಕ್ಕಂತೆ ಆರಿಸಿ, ಚಿಕ್ಕವರಿಗೆ ಬೇಕಾದ ಕಡೆ ನೀವು ಮಾತಿನಲ್ಲಿ ಸರಳಗೊಳಿಸಿ ಎಂಬುದು ನನ್ನ ಸಲಹೆ. ಕೆಳಗಿನಿಂದ ಮೇಲಕ್ಕೆ ಹಿಗ್ಗಿಸುವುದಕ್ಕಿಂತ ಮೇಲಿನಿಂದ ಕೆಳಕ್ಕೆ ಇಳಿಸುವುದು ಸುಲಭ. ಇನ್ನೊಂದು ಅಪಾಯವೆಂದರೆ ದೊಡ್ಡ ಮಗುವನ್ನು ಸಹಾಯಕ ಶಿಕ್ಷಕರನ್ನಾಗಿ ಮಾಡಿಕೊಳ್ಳುವುದು. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ತೆರೆದ ಮೊದಲ ಮಕ್ಕಳ ಮನೆಯಿಂದ ಇಂದಿನವರೆಗೂ ಅವರ ಪದ್ಧತಿಯಲ್ಲಿ ಬೇರೆ ಬೇರೆ ವಯಸ್ಸಿನವರು ಒಂದೇ ಕೊಠಡಿಯಲ್ಲಿ ಕಲಿಯುತ್ತಾರೆ, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ, ದೊಡ್ಡವರು ಹೇಳಿಕೊಡುವುದರಿಂದ ತಮ್ಮದನ್ನು ಗಟ್ಟಿಮಾಡಿಕೊಳ್ಳುತ್ತಾರೆ. ಅದು ನಿಜ. ಆದರೆ ತಾನಾಗಿ ತೋರಿಸಿಕೊಡುವುದು ಬೇರೆ, ತಮ್ಮನ ಓದಿನ ಪಾಠ ದಿನವೂ ನಿನ್ನ ಹೊಣೆ ಎಂದು ಒಪ್ಪಿಸುವುದು ಬೇರೆ. ಆ ಸಮಯ ಅವಳ ಕಲಿಕೆಯಿಂದ ಕಿತ್ತುಕೊಂಡದ್ದು.

ಮೂರು ನಾಲ್ಕು ವರ್ಷದ ಮಗುವಿಗೆ ಯಾವ ಪಠ್ಯಕ್ರಮ ಎಂದು ಕೇಳುವವರಿಗೆ, ಪಠ್ಯಕ್ರಮವೇ ಬೇಡ ಎಂದು ಧೈರ್ಯವಾಗಿ ಹೇಳುತ್ತೇನೆ. ಮರಳು, ನೀರು, ಕತ್ತರಿ, ಕತೆ, ಮತ್ತು ಅಕ್ಕ ಅಣ್ಣಂದಿರ ಪಾಠ ನಡೆಯುವ ಮೇಜಿನ ಕೆಳಗೆ ಒಂದು ಜಾಗ ಇದ್ದರೆ ಆ ವಯಸ್ಸಿಗೆ ಬೇಕಾದಷ್ಟಾಯಿತು. ಆದರೆ ದಿನದ ಮೊದಲ ಇಪ್ಪತ್ತು ನಿಮಿಷವನ್ನು ಆ ಮಗುವಿಗೇ ಕೊಡಿ. ತಾಯಿತಂದೆಯರ ಗಮನ ಮೊದಲೇ ಸಿಕ್ಕಿದ ಮಗು ಆಮೇಲೆ ಪಾಠ ಕೆಡಿಸಲು ಬರುವುದು ಕಡಿಮೆ.

ಇನ್ನು ಕೈಯಲ್ಲಿರುವ ಪುಸ್ತಕವನ್ನು ಹೊಂದಿಸಿಕೊಳ್ಳುವ ಮಾತು. ಮಗು ಪುಸ್ತಕ ಕಂಡರೆ ಮುಖ ತಿರುಗಿಸಿದ ತಕ್ಷಣ ಹೊಸದನ್ನು ಕೊಳ್ಳುವುದು ಅತ್ಯಂತ ದುಬಾರಿಯಾದ ಪರಿಹಾರ. ಬಹಳಷ್ಟು ಸಲ ಅದು ಪರಿಹಾರವೇ ಅಲ್ಲ. ಮೊದಲು ಪ್ರಮಾಣ ಕಡಿಮೆ ಮಾಡಿ ನೋಡಿ. ಪುಟದಲ್ಲಿ ಮೂವತ್ತು ಲೆಕ್ಕವಿದ್ದರೆ ಬೆಸಸಂಖ್ಯೆಯವನ್ನು ಮಾತ್ರ ಮಾಡಿಸಿ. ಅವೆಲ್ಲ ಸರಿಯಾದರೆ ಉಳಿದವು ಬೇಡ. ಆಗದಿದ್ದರೆ ಉತ್ತರ ಕೊಡುವ ರೀತಿ ಬದಲಾಯಿಸಿ: ಬರೆಯುವ ಬದಲು ಬಾಯಲ್ಲಿ ಹೇಳಲಿ, ಕಪ್ಪುಹಲಗೆಯ ಮೇಲೆ ನಿಂತುಕೊಂಡು ಮಾಡಲಿ. ಅದೂ ಆಗದಿದ್ದರೆ ವೇಗ ತಗ್ಗಿಸಿ, ಒಂದು ಪಾಠವನ್ನು ಎರಡು ದಿನಕ್ಕೆ ಹಂಚಿ. 36 ವಾರದ ಯೋಜನೆ ಬರೆದವರು ನಿಮ್ಮ ಮಗುವನ್ನು ಕಂಡವರಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕು ವಾರ ಕಾದು, ದಿನಾಂಕ ಹಾಕಿ ಬರೆದಿಡಿ. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಇಷ್ಟಾದ ಮೇಲೂ ಆ ಪುಸ್ತಕ ದಿನವೂ ಕಣ್ಣೀರಿಗೆ ಕಾರಣವಾದರೆ, ಅರ್ಧಕ್ಕೇ ಬಿಡಲು ಹಿಂಜರಿಯಬೇಡಿ. ಕೊಟ್ಟ ಹಣ ಹೋಗಿ ಆಯಿತು, ಉಳಿದ ಅರ್ಧ ವರ್ಷ ಇನ್ನೂ ನಿಮ್ಮ ಕೈಯಲ್ಲಿದೆ.

ಹೊಸದನ್ನು ಕೊಳ್ಳುವಾಗ ಮೊದಲ ಅಧ್ಯಾಯವನ್ನು ನೋಡಿ ಮರುಳಾಗಬೇಡಿ. ಎಲ್ಲ ಪುಸ್ತಕಗಳ ಮೊದಲ ಅಧ್ಯಾಯವೂ ಸುಲಭವಾಗಿಯೇ ಇರುತ್ತದೆ. ನಡುವಿನ ಒಂದು ಪಾಠ ತೆರೆದು ಪುಟಕ್ಕೆ ಎಷ್ಟು ಹೊಸ ವಿಚಾರಗಳಿವೆ, ಹಳೆಯದರ ಅಭ್ಯಾಸ ಎಲ್ಲಿದೆ, ನೀವು ಹಿಂದಿನ ರಾತ್ರಿ ಎಷ್ಟು ಹೊತ್ತು ಸಿದ್ಧತೆ ಮಾಡಬೇಕಾಗುತ್ತದೆ ಎಂದು ನೋಡಿ. ಮೂವರಿಗೆ ಕಲಿಸುವವರಿಗೆ ಈ ಕೊನೆಯ ಪ್ರಶ್ನೆಯೇ ನಿರ್ಣಾಯಕ. ದಿನವೂ ಒಂದು ಗಂಟೆ ತಯಾರಿ ಬೇಡುವ ಸುಂದರ ಪುಸ್ತಕ ಕಪಾಟಿನಲ್ಲಿಯೇ ಉಳಿಯುತ್ತದೆ. ಮಗು ಹದಿನಾಲ್ಕರ ಸುಮಾರಿಗೆ ಬಂದಾಗ ಈ ಒಟ್ಟು ಏರ್ಪಾಡನ್ನು ಸಡಿಲಿಸಬೇಕು. ಪರೀಕ್ಷೆಯ ಪಠ್ಯವಸ್ತು, ಪ್ರಯೋಗಶಾಲೆಯ ಕೆಲಸ, ಬೀಜಗಣಿತದ ಮೇಲೆ ನಿಂತ ಭೌತವಿಜ್ಞಾನ ಇವೆಲ್ಲ ಬಂದಾಗ ವಿಜ್ಞಾನವೂ ಏಣಿಯಾಗಿಬಿಡುತ್ತದೆ. ಆ ವಯಸ್ಸಿನವರಿಗೆ ಅವರದೇ ಪುಸ್ತಕ, ಅವರದೇ ವೇಳಾಪಟ್ಟಿ ಬೇಕು. ಓದಿ ಕೇಳುವ ಒಂದು ಹೊತ್ತು ಮಾತ್ರ ಎಲ್ಲರದಾಗಿ ಉಳಿದರೆ ಚೆನ್ನ.

ಉಪನ್ಯಾಸದ ಕೊನೆಯಲ್ಲಿ ಒಬ್ಬ ತಾಯಿ ಎದ್ದುನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ಮೆಟ್ಟಿಲು ನೋಡಿ ಕಲಿಸಿದ್ದರಿಂದ ಅವರ ಎರಡನೆಯ ಮಗ ಗಣಿತದಲ್ಲಿ ತನ್ನ ಅಣ್ಣನನ್ನು ಮುಟ್ಟುವಷ್ಟು ಹತ್ತಿರ ಬಂದಿದ್ದ, ಅಣ್ಣ ಅದನ್ನು ಗಮನಿಸಿ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದ. ಇದು ಮನೆಶಿಕ್ಷಣದ ಅತ್ಯಂತ ನೋವಿನ ಸಂದರ್ಭಗಳಲ್ಲಿ ಒಂದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಮ್ಮನನ್ನು ತಡೆದು ನಿಲ್ಲಿಸುವುದು ಅನ್ಯಾಯ, ಅಣ್ಣನನ್ನು ಅವಸರಪಡಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಇಬ್ಬರಲ್ಲಿ ಒಬ್ಬನಿಗೆ ಬೇರೆ ಪ್ರಕಾಶಕರ ಪುಸ್ತಕಮಾಲೆಯನ್ನು ತರಿಸಿ ಎಂದು ಅವರಿಗೆ ಹೇಳಿದೆ. ಅಧ್ಯಾಯಗಳ ಕ್ರಮ ಬೇರೆಯಾದರೆ ಪುಟದ ಸಂಖ್ಯೆ ಹಿಡಿದು ಹೋಲಿಸಲು ಆಗುವುದಿಲ್ಲ. ಗಣಿತದ ಹೊತ್ತನ್ನೂ ಬೇರೆ ಮಾಡಿ, ಅಣ್ಣನದು ಬೆಳಿಗ್ಗೆ ತಮ್ಮ ಹೊರಗೆ ಆಡುವಾಗ, ತಮ್ಮನದು ಮಧ್ಯಾಹ್ನ. ಅಣ್ಣನಿಗೆ ಯಾವುದರಲ್ಲಿ ಕೈ ಪಳಗಿದೆ ಎಂದು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, ಅವನು ಭೂಪಟಗಳನ್ನು ಬಹಳ ಚೆನ್ನಾಗಿ ಬಿಡಿಸುತ್ತಾನೆ ಎಂದರು. ಹಾಗಾದರೆ ಈ ವರ್ಷ ಮನೆಯ ಚರಿತ್ರೆ ಪಾಠಕ್ಕೆ ಬೇಕಾಗುವ ಭೂಪಟಗಳನ್ನೆಲ್ಲ ಅವನೇ ದೊಡ್ಡ ಹಾಳೆಯಲ್ಲಿ ಬಿಡಿಸಲಿ, ತಮ್ಮ ಅದರ ಮೇಲೆ ಹೆಸರು ಬರೆಯಲಿ ಎಂದು ಹೇಳಿದೆ. ಅವರು ಅದನ್ನು ಬರೆದುಕೊಂಡು ಕುಳಿತರು.